ಕಾಯಕ ಮೊದಲು, ದಾಸೋಹ ಆಮೇಲೆ



ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ 2013ರ ಕಂಪನಿ ಕಾಯ್ದೆಯ 135ನೇ ಕಲಮು. ಆ ಲಾಭ ಹೇಗೆ ಬಂತೆಂದು ಅದು ಕೇಳುವುದಿಲ್ಲ.

ನಮ್ಮ ಚಿಮ್ಮಡದ ಸುತ್ತ ಕಬ್ಬೇ ಬದುಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ, ತಡವಾದರೆ ಶೇ. 15 ಬಡ್ಡಿ, ಇದು 1966ರ ಕಬ್ಬು ನಿಯಂತ್ರಣ ಆದೇಶ. ರೈತನ ಬಾಕಿ ಉಳಿಸಿಕೊಂಡು ಶಾಲೆಗೆ ಬಣ್ಣ ಬಳಿಸಿದರೆ ಅದು ದಾಸೋಹವೇ? ಬಸವಣ್ಣನವರ ದಾರಿಯಲ್ಲಿ ಕಾಯಕ ಶುದ್ಧವಿರಬೇಕು.

ಲಾಭದ ಜೊತೆ ಸಮಾಜಹಿತವನ್ನೂ ಹೊಣೆಯಾಗಿ ಒಪ್ಪುವ ಕಂಪನಿಗಳಿಗೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಪ್ರತ್ಯೇಕ ವರ್ಗ ಮಾಡಿತು. ನಮ್ಮಲ್ಲೂ ಬರಲಿ. ಆದರೆ ಅಳತೆ ಪುಸ್ತಕದಲ್ಲಿ ಏರದ ಕೆಲಸಕ್ಕೆ ನಾವು ಎಂಜಿನಿಯರರು ಬಿಲ್ ಮಾಡುತ್ತಿರಲಿಲ್ಲ. ಹಾಗೆಯೇ ರೈತನ ಬಾಕಿ, ಕಾರ್ಮಿಕನ ಕೂಲಿ, ಹೊಳೆಗೆ ಬಿಡುವ ನೀರು ಮೂರನ್ನೂ ಅಳೆದೇ ಆ ಹೆಸರು ಕೊಡಬೇಕು, ತಪ್ಪಿದರೆ ಕಿತ್ತುಕೊಳ್ಳಬೇಕು.