ಕಷ್ಟಕಾಲದಲ್ಲಿ ದೇವರ ಮೇಲಣ ಭರವಸೆ
(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಪ್ರಾರ್ಥನಾಕೂಟದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರುಷಗಳು ತುಂಬಿದ ಈ ಶುಭಸಂದರ್ಭದಲ್ಲಿ ಗೋಪುರಕ್ಕೆ ಸುಣ್ಣಬಣ್ಣವಾಗಿದೆ, ಅಂಗಳದಲ್ಲಿ ಚಪ್ಪರ ಎದ್ದಿದೆ, ದೂರದ ಊರುಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳು ಮರಳಿ ಬಂದಿದ್ದಾರೆ. ದೇವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮ ಮೊದಲ ಕರ್ತವ್ಯ. ಆದರೆ ಹಬ್ಬದ ದಿನದಂದೂ ನಾವಾರೂ ಹಗುರವಾದ ಎದೆಯಿಂದ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ಒಬ್ಬರು ಮಗನ ವಾಸಿಯಾಗದ ಕಾಯಿಲೆಯನ್ನು, ಇನ್ನೊಬ್ಬರು ತೀರದ ಸಾಲವನ್ನು, ಮತ್ತೊಬ್ಬರು ಒಡೆದುಹೋದ ಸಂಸಾರದ ದುಃಖವನ್ನು ಹೊತ್ತು ತಂದಿರುತ್ತೇವೆ. ಪಕ್ಕದಲ್ಲಿ ಮೊಣಕಾಲೂರಿದವರಿಗೂ ಅದು ತಿಳಿದಿರುವುದಿಲ್ಲ. "ದೇವರಲ್ಲಿ ಭರವಸೆಯಿಡಿ" ಎಂದು ನಾವು ಒಬ್ಬರಿಗೊಬ್ಬರು ಸುಲಭವಾಗಿ ಹೇಳುತ್ತೇವೆ. ಆ ಮಾತಿನ ಅರ್ಥವೇನು? ಈ ಸಂಜೆ ಇದೊಂದನ್ನೇ ವಿಚಾರ ಮಾಡೋಣ.

ಭರವಸೆಯೆಂದರೆ ದೇವರೊಡನೆ ಮಾಡಿಕೊಂಡ ಒಪ್ಪಂದವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತೇವೆ. ಒಂಬತ್ತು ದಿನದ ನೊವೇನ ಮುಗಿಸಿದೆವು, ಹರಕೆಯ ಮೇಣದಬತ್ತಿ ಹಚ್ಚಿದೆವು, ಇನ್ನು ಕಷ್ಟ ನೀಗಲೇಬೇಕು ಎಂಬುದು ನಮ್ಮ ಲೆಕ್ಕ. ನೊವೇನ ಒಳ್ಳೆಯದು, ಹರಕೆಯೂ ಒಳ್ಳೆಯದು. ಆದರೆ ಲೆಕ್ಕ ತಪ್ಪಿದಾಗ ನಾವು ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತೇವೆ: ದೇವರು ನಮ್ಮನ್ನು ಮರೆತರು, ಇಲ್ಲವೇ ನಮ್ಮ ವಿಶ್ವಾಸದಲ್ಲೇ ಕೊರತೆಯಿತ್ತು. ಪವಿತ್ರ ಗ್ರಂಥವು ಈ ಎರಡನ್ನೂ ಒಪ್ಪುವುದಿಲ್ಲ. ಯೋಬನು ತನ್ನ ನೋವನ್ನು ನುಂಗಿಕೊಂಡು ಸುಮ್ಮನಿರಲಿಲ್ಲ. ದೇವರ ಮುಂದೆಯೇ ವಾದಿಸಿದನು. ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಿವರಿಸಿದ ಸ್ನೇಹಿತರನ್ನೇ ದೇವರು ಕೊನೆಯಲ್ಲಿ ಗದರಿಸಿದರು. ಯೇಸುಸ್ವಾಮಿಯೂ ಗೆತ್ಸೆಮನಿ ತೋಪಿನಲ್ಲಿ ಆ ಪಾತ್ರೆ ತಮ್ಮಿಂದ ದೂರವಾಗಲೆಂದು ಬೇಡಿಕೊಂಡರು. ಶಿಲುಬೆಯ ಮೇಲೆ ಅವರ ಬಾಯಿಂದ ಹೊರಟದ್ದು ಕೈಬಿಡಲ್ಪಟ್ಟವನ ಕೂಗಿನಿಂದ ಆರಂಭವಾಗುವ 22ನೆಯ ಕೀರ್ತನೆಯ ನುಡಿ. ಆದುದರಿಂದ ದೇವರೆದುರು ಅಳುವುದು ಅವಿಶ್ವಾಸವಲ್ಲ. ಯಾರ ಎದುರು ಅಳುತ್ತೇವೆಯೋ ಅವರನ್ನು ನಾವು ಇನ್ನೂ ಬಿಟ್ಟಿಲ್ಲವೆಂಬುದಕ್ಕೆ ಆ ಅಳುವೇ ಗುರುತು.

ಇದನ್ನು ಒಂದು ಧರ್ಮಕೇಂದ್ರದ ಚರಿತ್ರೆಯಿಂದಲೇ ಕಲಿಯಬಹುದು. ಅದು ಜಪಾನ್ ದೇಶದ ನಾಗಸಾಕಿ ನಗರದ ಉರಕಾಮಿ ಎಂಬ ಕಣಿವೆಯ ಕಥೋಲಿಕ ಜನರ ಚರಿತ್ರೆ. ಅವರು ನಮಗೆ ತೀರ ಪರರಲ್ಲ. ಜಪಾನಿಗೆ 1549ರಲ್ಲಿ ಶುಭಸಂದೇಶವನ್ನು ಕೊಂಡೊಯ್ದವರು ನಮ್ಮ ಗೋವೆಯಲ್ಲಿ ಸೇವೆಮಾಡಿದ ಸಂತ ಫ್ರಾನ್ಸಿಸ್ ಕ್ಷೇವಿಯರರು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿದ 26 ಮಂದಿ ರಕ್ತಸಾಕ್ಷಿಗಳಲ್ಲಿ ಒಬ್ಬರಾದ ಸಂತ ಗೊನ್ಸಾಲೊ ಗಾರ್ಸಿಯ ಅವರು ಮುಂಬಯಿಯ ಸಮೀಪದ ವಸಾಯಿಯಲ್ಲಿ ಹುಟ್ಟಿದವರು.

1614ರಲ್ಲಿ ಜಪಾನಿನ ಆಳರಸರು ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿದರು. ಗುರುಗಳನ್ನು ಹೊರದೂಡಿದರು, ಅಡಗಿ ಉಳಿದವರನ್ನು ಹುಡುಕಿ ಕೊಂದರು. 1644ರಲ್ಲಿ ಕೊನೆಯ ಗುರುವೂ ಪ್ರಾಣ ತೆತ್ತರು. ಅಲ್ಲಿಂದ ಮುಂದೆ ಎರಡು ಶತಮಾನಗಳಿಗೂ ಮಿಗಿಲಾಗಿ ಆ ಜನರಿಗೆ ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆಯಿಲ್ಲ. ತಂದೆತಾಯಿಗಳು ಮಕ್ಕಳಿಗೆ ಗುಟ್ಟಾಗಿ ಪ್ರಾರ್ಥನೆಗಳನ್ನು ಕಲಿಸಿದರು. ಹಳ್ಳಿಗೊಬ್ಬನು ಹಬ್ಬ-ಉಪವಾಸಗಳ ಪಂಚಾಂಗವನ್ನು ಕಾಯ್ದುಕೊಂಡನು, ಇನ್ನೊಬ್ಬನು ಶಿಶುಗಳಿಗೆ ಜ್ಞಾನಸ್ನಾನ ಕೊಟ್ಟನು, ಮತ್ತೊಬ್ಬನು ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸಿದನು. ಅವರ ಧರ್ಮಸಭೆಯೆಂದರೆ ಇಷ್ಟೇ.

ಇಲ್ಲಿ ಮರೆಯಬಾರದ ಮಾತೊಂದಿದೆ. ಅವರೆಲ್ಲರೂ ವೀರರಾಗಿರಲಿಲ್ಲ. ವರುಷಕ್ಕೊಮ್ಮೆ ಅಧಿಕಾರಿಗಳು ಯೇಸುಸ್ವಾಮಿಯ ಇಲ್ಲವೇ ದೇವಮಾತೆಯ ರೂಪವನ್ನು ಕೆತ್ತಿದ ಫಲಕವನ್ನು ನೆಲದ ಮೇಲಿಟ್ಟು, ಅದನ್ನು ತುಳಿಯುವಂತೆ ಜನರಿಗೆ ಆಜ್ಞಾಪಿಸುತ್ತಿದ್ದರು. ತುಳಿಯದೆ ಪ್ರಾಣ ಕೊಟ್ಟವರುಂಟು. ಆದರೆ ಮುಂದಿನ ಪೀಳಿಗೆಗೆ ವಿಶ್ವಾಸವನ್ನು ದಾಟಿಸಿದವರಲ್ಲಿ ಬಹುಮಂದಿ ತುಳಿದವರು. ತುಳಿದು, ಮನೆಗೆ ಹೋಗಿ, ಬಾಗಿಲಿಕ್ಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿದವರು. ಪಾಪವಿಮೋಚನೆ ನೀಡಲು ಗುರುಗಳಿಲ್ಲದ ಕಾಲದಲ್ಲಿ ದೇವರು ತಮ್ಮ ಮುರಿದ ಹೃದಯವನ್ನಾದರೂ ತಳ್ಳಿಬಿಡಲಾರರು ಎಂಬುದೊಂದೇ ಅವರಿಗಿದ್ದ ಆಸರೆ. ದುರ್ಬಲರ ಭರವಸೆಯೂ ಭರವಸೆಯೇ. ಎಡವಿದವನು ಮತ್ತೆ ದೇವರ ಕಡೆಗೇ ಮುಖ ತಿರುಗಿಸಿದರೆ ಅವನು ದೇವರನ್ನು ಬಿಟ್ಟವನಲ್ಲ.

ಏಳು ತಲೆಮಾರುಗಳು ಕಳೆದ ಮೇಲೆ ಗುರುಗಳು ಮರಳಿ ಬರುವರೆಂಬ ಮಾತು ಅವರ ನಡುವೆ ಬಾಯಿಂದ ಬಾಯಿಗೆ ಬಂದಿತ್ತು. 1865ರಲ್ಲಿ ನಾಗಸಾಕಿಯ ಔರ ಎಂಬಲ್ಲಿ, ವಿದೇಶೀಯರ ಉಪಯೋಗಕ್ಕೆಂದು, ಆ 26 ಮಂದಿ ರಕ್ತಸಾಕ್ಷಿಗಳ ಹೆಸರಿನಲ್ಲಿ ಒಂದು ದೇವಾಲಯ ಎದ್ದಿತು. ಅಲ್ಲಿದ್ದ ಪೆತಿಜಾನ್ ಸ್ವಾಮಿಗಳು ಪ್ಯಾರಿಸ್ ವಿದೇಶೀ ಧರ್ಮಪ್ರಚಾರಕ ಸಂಸ್ಥೆಗೆ ಸೇರಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಊರೂರುಗಳಲ್ಲಿ ದುಡಿದು ಇಲ್ಲಿಯೇ ಮಣ್ಣಾದ ಫ್ರೆಂಚ್ ಗುರುಗಳೂ ಅದೇ ಸಂಸ್ಥೆಯವರೆಂಬುದನ್ನು ನಮ್ಮ ಹಿರಿಯರು ಬಲ್ಲರು. ಮಾರ್ಚ್ 17ರಂದು ಉರಕಾಮಿಯ ಹತ್ತು ಹದಿನೈದು ಮಂದಿ ಗಂಡಸರು, ಹೆಂಗಸರು, ಮಕ್ಕಳು ಆ ದೇವಾಲಯದ ಬಾಗಿಲಿಗೆ ಬಂದರು. ಒಬ್ಬಾಕೆ ಸ್ವಾಮಿಗಳ ಬಳಿ ಸಾರಿ, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ದೇವಮಾತೆಯ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ದುಃಖದ ಕಾಲದ 17ನೆಯ ದಿನದಲ್ಲಿ ತಾವಿರುವುದಾಗಿ ಅವರು ಹೇಳಿದರು. ಆ ವರುಷ ವಿಭೂತಿ ಬುಧವಾರ ಮಾರ್ಚ್ 1ರಂದು ಬಿದ್ದಿತ್ತು. ಗುರುವಿಲ್ಲದ ಜನರ ಪಂಚಾಂಗವು ರೋಮಿನ ಪಂಚಾಂಗಕ್ಕೆ ಒಂದು ದಿನವೂ ತಪ್ಪಿರಲಿಲ್ಲ!

ಕಥೆ ಇಲ್ಲಿಗೆ ಮುಗಿದಿದ್ದರೆ, ತಾಳಿದವರಿಗೆ ಫಲವುಂಟೆಂದು ಹೇಳಿ ನಾವೂ ಸುಮ್ಮನಾಗಬಹುದಿತ್ತು. ಆದರೆ ಪ್ರಾರ್ಥನೆ ಫಲಿಸಿದ ಮೇಲೆಯೇ ಅವರ ಕಷ್ಟ ಹೆಚ್ಚಿತು. ಕ್ರೈಸ್ತರೆಂದು ಬಹಿರಂಗವಾಗಿ ಒಪ್ಪಿಕೊಂಡುದಕ್ಕಾಗಿ 1867ರಿಂದ ಬಂಧನಗಳು ಮೊದಲಾದವು. ಉರಕಾಮಿಯ ಸುಮಾರು 3,400 ಮಂದಿಯನ್ನು ದೇಶದ ನಾನಾ ಭಾಗಗಳಿಗೆ ಗಡೀಪಾರು ಮಾಡಲಾಯಿತು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಚಿತ್ರಹಿಂಸೆಗಳಿಂದ ಮಡಿದರು. 1873ರಲ್ಲಿ ನಿಷೇಧ ತೆರವಾದಾಗ ಉಳಿದವರು ಪಾಳುಬಿದ್ದ ಮನೆಗಳಿಗೆ ಮರಳಿದರು. ಯಾವ ಗ್ರಾಮಾಧಿಕಾರಿಯ ಮನೆಯಲ್ಲಿ ತಮ್ಮ ಪೂರ್ವಿಕರು ಆ ಫಲಕವನ್ನು ತುಳಿಯಬೇಕಾಗಿತ್ತೋ ಅದೇ ಜಾಗವನ್ನು ಕೊಂಡು, 1895ರಲ್ಲಿ ದೇವಾಲಯ ಕಟ್ಟಲು ತೊಡಗಿದರು. ಬಡ ರೈತರ ಕಾಣಿಕೆಯಿಂದ ಇಟ್ಟಿಗೆಯ ಮೇಲೆ ಇಟ್ಟಿಗೆಯೇರಿ, 1914ರಲ್ಲಿ ಅದರ ಪ್ರತಿಷ್ಠೆಯಾಯಿತು. ಜೋಡಿ ಗೋಪುರಗಳು ಮುಗಿದದ್ದು 1925ರಲ್ಲಿ.

1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಆ ದೇವಾಲಯದಿಂದ ಅರ್ಧ ಕಿಲೋಮೀಟರು ದೂರದ ಆಕಾಶದಲ್ಲಿ ಅಣುಬಾಂಬು ಸಿಡಿಯಿತು. ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದವರೂ ಗುರುಗಳೂ ದೇವಾಲಯದೊಳಗೇ ಮಡಿದರು. ಸುಮಾರು 12,000 ಮಂದಿ ಉರಕಾಮಿ ಕಥೋಲಿಕರಲ್ಲಿ ಸುಮಾರು 8,500 ಮಂದಿ ಸತ್ತರು. ಇಷ್ಟು ಕಾಲ ಕಾದವರಿಗೆ ಇದೇಕೆ? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ.

ಅಲ್ಲಿಯ ವೈದ್ಯಕೀಯ ಕಾಲೇಜಿನ ಕ್ಷಕಿರಣ ತಜ್ಞರಾದ ಡಾ. ತಕಾಶಿ ನಾಗಾಯಿ ಅವರಿಗೆ ಬಾಂಬು ಬೀಳುವುದಕ್ಕೆ ಎರಡು ತಿಂಗಳ ಮೊದಲೇ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ತಮ್ಮ ನಂತರ ಪತ್ನಿ ಮಿದೋರಿ ಮಕ್ಕಳನ್ನು ಸಾಕುವರೆಂದು ಅವರು ನಂಬಿದ್ದರು. ಬಾಂಬಿನ ಬಳಿಕ ಮನೆಯ ಬೂದಿಯಲ್ಲಿ ಸಿಕ್ಕಿದ್ದು ಪತ್ನಿಯ ಸುಟ್ಟ ಎಲುಬುಗಳು, ಅವುಗಳ ಜೊತೆ ಕರಗಿದ ಜಪಸರ. ಆ ನವೆಂಬರ್ 23ರಂದು ಮೃತರಿಗಾಗಿ ನಡೆದ ಪೂಜೆಯಲ್ಲಿ ಮಾತಾಡಿದ ಅವರು, ಸತ್ತವರನ್ನು ಲೋಕದ ಶಾಂತಿಗಾಗಿ ದೇವರಿಗೆ ಅರ್ಪಿತವಾದ ಬಲಿಯೆಂದು ಕಂಡರು. ಎಷ್ಟೋ ಮಂದಿಗೆ ಆ ಮಾತು ಸಾಂತ್ವನ ನೀಡಿತು. ಆದರೆ ಅದನ್ನು ಒಪ್ಪಲಾಗದ ನೊಂದವರೂ ಮುಂದೆ ಇದ್ದರು. 1981ರ ಫೆಬ್ರವರಿಯಲ್ಲಿ ಜಪಾನಿಗೆ ಬಂದ ಜಗದ್ಗುರು ಎರಡನೆಯ ಜಾನ್ ಪೌಲರು, ಯುದ್ಧವು ಮನುಷ್ಯನ ಕೆಲಸವೆಂದು ಹಿರೋಶಿಮದಲ್ಲಿ ಸ್ಪಷ್ಟವಾಗಿ ಸಾರಿದರು.

ನಮ್ಮ ಪಾಲಿಗೆ ಇದು ದೊಡ್ಡ ಪಾಠ. ತನ್ನ ನೋವನ್ನು ಕಾಣಿಕೆಯಾಗಿ ಅರ್ಪಿಸುವ ಹಕ್ಕು ನೊಂದವನದು, ನೋಡುವವನದಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ "ಇದು ದೇವರ ಚಿತ್ತ" ಎಂದು ಹೇಳಿ ಕೈತೊಳೆದುಕೊಳ್ಳುವ ಅಧಿಕಾರ ನಮಗಿಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿ ಮೊದಲು ಅತ್ತರು. ಭರವಸೆಯು ಕಷ್ಟಕ್ಕೆ ಕೊಡುವ ವಿವರಣೆಯಲ್ಲ. ವಿವರಣೆ ಸಿಕ್ಕದಿರುವಾಗಲೂ ದೇವರ ಕೈಬಿಡದೆ, ಇಂದಿನ ಕರ್ತವ್ಯವನ್ನು ಇಂದು ಮಾಡುವುದೇ ಭರವಸೆ.

ಉರಕಾಮಿಯ ಜನ ಮಾಡಿದ್ದು ಅದನ್ನೇ. ಆ ವರುಷದ ಕ್ರಿಸ್ಮಸ್ ಜಾಗರಣೆಯ ದಿನ ಅವರು ಅವಶೇಷಗಳಡಿಯಿಂದ ಒಡೆಯದೆ ಉಳಿದಿದ್ದ ಒಂದು ಗಂಟೆಯನ್ನು ಅಗೆದು ತೆಗೆದು, ಕಂಬಗಳಿಗೆ ತೂಗುಹಾಕಿ ಬಾರಿಸಿದರು. ಡಾ. ನಾಗಾಯಿ ಹಾಸಿಗೆ ಹಿಡಿದ ಮೇಲೂ ಪುಟ್ಟ ಗುಡಿಸಲಿನಲ್ಲಿ ಮಲಗಿ ಪುಸ್ತಕಗಳನ್ನು ಬರೆದರು, ಬಂದವರನ್ನು ಸಂತೈಸಿದರು, ಸುಟ್ಟ ನೆಲದಲ್ಲಿ ನೆಡಲು ಸಾವಿರ ಚೆರಿ ಸಸಿಗಳನ್ನು ಕೊಟ್ಟರು. 1951ರ ಮೇ 1ರಂದು ತೀರಿಕೊಂಡರು. ದೇವಾಲಯವು 1959ರಲ್ಲಿ ಮತ್ತೆ ಎದ್ದಿತು. ನಾಶವಾಗಿದ್ದ ಇನ್ನೊಂದು ಗಂಟೆಯ ಬದಲಿಗೆ ಅಮೆರಿಕದ ಕಥೋಲಿಕರು ಹೊಸದೊಂದನ್ನು ಕೊಟ್ಟರು. 2025ರ ಆಗಸ್ಟ್ 9ರಂದು, ಎಂಬತ್ತು ವರುಷಗಳ ಬಳಿಕ, ಜೋಡಿ ಗಂಟೆಗಳು ಕೂಡಿ ನುಡಿದವು.

ಪ್ರಿಯರೇ, ನಮ್ಮ ಕಷ್ಟಗಳು ಅಷ್ಟು ದೊಡ್ಡವಾಗಿರಲಿಕ್ಕಿಲ್ಲ. ಆದರೆ ಹೊರುವವರಿಗೆ ಅವೇ ಭಾರ. 2020ರಲ್ಲಿ ಮಹಾಮಾರಿಯ ಕಾರಣದಿಂದ ದೇವಾಲಯದ ಬಾಗಿಲುಗಳು ಮುಚ್ಚಿದಾಗ, ಪವಿತ್ರ ವಾರವನ್ನೂ ಪಾಸ್ಕ ಹಬ್ಬವನ್ನೂ ಮನೆಯಲ್ಲೇ ಕಳೆದಾಗ, ಪರಮಪ್ರಸಾದವಿಲ್ಲದ ಬಾಳು ಎಂಥದೆಂಬುದರ ಒಂದು ತುಣುಕನ್ನು ನಾವೂ ಉಂಡೆವು. ಅಂದು ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮನೆಮಂದಿ ಕೂಡಿ ಹೇಳಿದ ಜಪಸರ, ನೆರೆಯವರು ಬಾಗಿಲಿಗೆ ತಂದಿಟ್ಟ ಅನ್ನ.

ಆದುದರಿಂದ ಮೂರು ಮಾತುಗಳನ್ನು ಮನೆಗೆ ಕೊಂಡೊಯ್ಯೋಣ. ಮೊದಲನೆಯದು, ಕಷ್ಟದಲ್ಲಿ ದೇವರೊಡನೆ ಮಾತು ಬಿಡದಿರೋಣ. ಸ್ತುತಿಸಲಾಗದಿದ್ದರೆ ದೂರನ್ನಾದರೂ ಹೇಳೋಣ. ಎರಡನೆಯದು, ಮನಸ್ಸು ಬರಿದಾದಾಗ ಪದ್ಧತಿಯನ್ನು ಹಿಡಿದುಕೊಳ್ಳೋಣ. ಸಂಜೆಯ ಪ್ರಾರ್ಥನೆ, ಭಾನುವಾರದ ಪೂಜೆ, ಮಕ್ಕಳಿಗೆ ಕಲಿಸುವ ಶಿಲುಬೆಯ ಗುರುತು—ಉರಕಾಮಿಯ ವಿಶ್ವಾಸವನ್ನು ಏಳು ತಲೆಮಾರು ಉಳಿಸಿದ್ದು ಇಂಥ ಸಣ್ಣ ಸಂಗತಿಗಳೇ. ಮೂರನೆಯದು, ಯಾರೂ ಒಂಟಿಯಾಗಿ ಭರವಸೆಯಿಡಬೇಕಾದ ಸ್ಥಿತಿ ನಮ್ಮ ಧರ್ಮಕೇಂದ್ರದಲ್ಲಿ ಬಾರದಿರಲಿ. ಪ್ರಾರ್ಥಿಸುವ ಶಕ್ತಿ ಕಳೆದುಕೊಂಡವರ ಪರವಾಗಿ, ಆ ಶಕ್ತಿ ಮರಳುವ ತನಕ, ನಾವು ಪ್ರಾರ್ಥಿಸೋಣ. ಅವರ ಒಲೆಯ ಮೇಲೆ ಪಾತ್ರೆ ಏರಿದೆಯೋ ಇಲ್ಲವೋ ಎಂಬುದನ್ನೂ ವಿಚಾರಿಸೋಣ.

ನಮ್ಮ ಹಿರಿಯರೂ ಬರ, ಪ್ಲೇಗು, ಬಡತನಗಳ ನಡುವೆ ಈ ಪೀಠದ ಮುಂದೆ ಮೊಣಕಾಲೂರಿದವರೇ. ಅವರು ಕೇಳಿದ್ದೆಲ್ಲ ಅವರಿಗೆ ದೊರೆಯಲಿಲ್ಲ. ಆದರೂ ದೀಪ ಆರದಂತೆ ನೋಡಿಕೊಂಡು ನಮ್ಮ ಕೈಗಿತ್ತು ಹೋದರು. ಶಿಲುಬೆಯ ಬುಡದಲ್ಲಿ ಅರ್ಥವಾಗದಿದ್ದರೂ ನಿಂತಿದ್ದ ವ್ಯಾಕುಲ ಮಾತೆಯು ನಮ್ಮ ಜೊತೆಯಲ್ಲೂ ನಿಲ್ಲಲಿ. ಮೂರನೆಯ ದಿನ ಕಲ್ಲನ್ನು ಉರುಳಿಸಿದ ದೇವರು ನಮ್ಮೆಲ್ಲರನ್ನೂ, ಅದರಲ್ಲೂ ಈ ಸಂಜೆ ಯಾರಿಗೂ ಹೇಳಲಾಗದ ಭಾರವನ್ನು ಹೊತ್ತು ಇಲ್ಲಿ ಕುಳಿತಿರುವವರನ್ನು, ಹರಸಿ ಕಾಪಾಡಲಿ. ಆಮೆನ್.