ಮಿತಿ ಇಳಿಸಿದರೆ ಸಾಲದು, ತಪಾಸಣೆ ನಡೆಯಬೇಕು
(ವೇಮಗಲ್‌ನಲ್ಲಿ ನೀಡಿದ ಭಾಷಣದ ಲಿಖಿತ ರೂಪ)



2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸೊಂದು ಕರ್ನೂಲಿನ ಬಳಿ ರಸ್ತೆಗೆ ಬಿದ್ದಿದ್ದ ಬೈಕಿನ ಮೇಲೆ ಹರಿದು ಹೊತ್ತಿ ಉರಿಯಿತು. 19 ಪ್ರಯಾಣಿಕರು ಸುಟ್ಟು ಸತ್ತರು. ಬೈಕ್ ಸವಾರನು ಮದ್ಯ ಸೇವಿಸಿದ್ದನೆಂಬುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ದೃಢಪಟ್ಟಿತು.

ಇಂತಹ ದುರಂತಗಳಾದಾಗಲೆಲ್ಲ, ರಕ್ತದಲ್ಲಿನ ಮದ್ಯಾಂಶದ ಮಿತಿಯನ್ನು ಸೊನ್ನೆಗೆ ಇಳಿಸಬೇಕೆಂಬ ಬೇಡಿಕೆ ಕೇಳಿಬರುತ್ತದೆ. ಅಮಲೇರಿಸುವ ವಸ್ತುವಿನ ಒಂದು ಹನಿಯೂ ನಿಷಿದ್ಧವೆಂದು ನಂಬಿರುವ ನಮಗೆ ಅದು ಸಹಜವಾಗಿಯೇ ಹಿಡಿಸುತ್ತದೆ. ಆದರೆ ಜೀವ ಉಳಿಸುವುದು ಮಿತಿಯೋ ತಪಾಸಣೆಯೋ ಎಂಬುದನ್ನು ನಾವು ವಾಸ್ತವದ ಬೆಳಕಿನಲ್ಲಿ ನೋಡಬೇಕಾಗಿದೆ.

ನಮ್ಮ ಕಾನೂನು ಸಡಿಲವಾದುದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶವಿದ್ದರೆ ಅಪರಾಧ. ಬ್ರಿಟನ್ 1967ರಲ್ಲಿ ನಿಗದಿಪಡಿಸಿದ ಮಿತಿ 80. ನಮ್ಮಲ್ಲಿ 2019ರ ತಿದ್ದುಪಡಿಯ ಬಳಿಕ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, 10,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದರ ಜಾರಿಯಲ್ಲಿ.

ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ ಮಿತಿಯನ್ನು 80ರಿಂದ 50ಕ್ಕೆ ಇಳಿಸಿತು. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಸಂಶೋಧಕರು ನಂತರದ ಎರಡು ವರ್ಷಗಳನ್ನು ಪರಿಶೀಲಿಸಿದಾಗ, ಅದರಿಂದ ಅಪಘಾತಗಳು ಕಡಿಮೆಯಾದುದು ಕಂಡುಬರಲಿಲ್ಲ. ಮಿತಿ ಇಳಿದರೂ ಅದಕ್ಕೆ ತಕ್ಕ ತಪಾಸಣೆ ಇಲ್ಲದಿದ್ದುದೇ ಕಾರಣವಿರಬಹುದೆಂದು ಅವರು ಅಭಿಪ್ರಾಯಪಟ್ಟರು. ಆದರೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರ್‌ನಿಂದ ಯಾವ ಚಾಲಕನನ್ನಾದರೂ ನಿಲ್ಲಿಸಿ ಉಸಿರು ಪರೀಕ್ಷಿಸತೊಡಗಿದಾಗ ಪ್ರಾಣಾಂತಿಕ ಅಪಘಾತಗಳು ಗಣನೀಯವಾಗಿ ಇಳಿದವು. ಮನುಷ್ಯನನ್ನು ತಡೆಯುವುದು ಶಿಕ್ಷೆಯ ಪ್ರಮಾಣವಲ್ಲ, ಸಿಕ್ಕಿಬೀಳುವೆನೆಂಬ ಖಾತ್ರಿ.

ವೇಮಗಲ್, ನರಸಾಪುರಗಳು ಇಂದು ಕೈಗಾರಿಕಾ ಪ್ರದೇಶಗಳು. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು, ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ರೈತರು ಇದೇ ರಸ್ತೆಗಳಲ್ಲಿ ಸಂಚರಿಸುತ್ತಾರೆ. ಉಸಿರು ತಪಾಸಣೆಯು ಬೆಂಗಳೂರಿನ ಹೊಸವರ್ಷದ ರಾತ್ರಿಗೆ ಸೀಮಿತವಾಗದೆ ವರ್ಷವಿಡೀ ಇಲ್ಲಿಯೂ ನಡೆಯಲಿ ಎಂದು ನಾವು ಒತ್ತಾಯಿಸಬೇಕು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂ. ಸಂಗ್ರಹಿಸುವ ಗುರಿಯಿಟ್ಟುಕೊಂಡ ಸರಕಾರಕ್ಕೆ, ಬಾಟಲಿಯ ಬೆಲೆ ಪಡೆಯುವ ಹಕ್ಕಿದ್ದರೆ ರಸ್ತೆಯನ್ನು ಕಾಯುವ ಹೊಣೆಯೂ ಇದೆ.

ಆದರೆ ಸರಕಾರವನ್ನು ದೂರುವ ಮುನ್ನ ನಮ್ಮ ಮನೆಯತ್ತಲೂ ನೋಡೋಣ. ಮದ್ಯಪಾನ ನಮ್ಮ ಮೊಹಲ್ಲಾಗಳಲ್ಲಿ ಇಲ್ಲವೆಂದು ಎದೆತಟ್ಟಿ ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ನಮ್ಮ ಹುಡುಗ ಕುಡಿದು ಸಿಕ್ಕಿಬಿದ್ದರೆ ನಾವೇನು ಮಾಡುತ್ತೇವೆ? ಪರಿಚಯದ ನಾಯಕರಿಗೆ ಫೋನ್ ಮಾಡುತ್ತೇವೆ. ಮಾನ ಉಳಿಯಿತೆಂದು ಸಮಾಧಾನಪಡುತ್ತೇವೆ. ಮರುವಾರ ಅದೇ ಹುಡುಗ ಅದೇ ಬೈಕಿನಲ್ಲಿ ಯಾರದೋ ಮಗುವಿನ ಎದುರಿಗೆ ಬರುತ್ತಾನೆ.

ಗಣ್ಯ ಮನೆತನದ ಮಹಿಳೆಯೊಬ್ಬಳ ಪರವಾಗಿ ಶಿಫಾರಸು ಬಂದಾಗ ಪ್ರವಾದಿಯವರು(ಸ) ಅದನ್ನು ತಿರಸ್ಕರಿಸಿದರು. ಪ್ರಬಲರನ್ನು ಬಿಟ್ಟು ದುರ್ಬಲರನ್ನು ಮಾತ್ರ ಶಿಕ್ಷಿಸಿದ್ದೇ ಹಿಂದಿನ ಜನಾಂಗಗಳ ನಾಶಕ್ಕೆ ಕಾರಣವೆಂದು ಎಚ್ಚರಿಸಿದರು. ಮಸೀದಿಯ ಜಮಾಅತ್‌ಗಳು ಇದನ್ನು ನೆನಪಿಡಲಿ. ಕುಡಿದು ವಾಹನ ಓಡಿಸಿದವನ ಬಿಡುಗಡೆಗಾಗಿ ಠಾಣೆಗೆ ಹೋಗುವುದಿಲ್ಲ, ಅವನನ್ನು ಚಟದಿಂದ ಬಿಡಿಸಲು ಚಿಕಿತ್ಸೆಗೆ ಕರೆದೊಯ್ಯುತ್ತೇವೆ ಎಂದು ತೀರ್ಮಾನಿಸಲಿ. ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದವನಂತೆ ಎಂಬುದು ಕುರ್‌ಆನಿನ ಬೋಧನೆ. ಅದನ್ನು ಆಚರಣೆಗೆ ತರುವ ಸನ್ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.