ಸಾವಿರದೈನೂರು ಯಾವ ಡಬ್ಬಿಗೆ?

ಇವತ್ತಿನ ಮಾತು ಮನೆಯ ಜಮಾಖರ್ಚಿನದು. ಕ್ಯಾಂಪಿನ ಮನೆಗಳಲ್ಲಿ ಪಾತ್ರೆ, ಬಟ್ಟೆ, ಅಡುಗೆ ಕೆಲಸಕ್ಕೆ ಹೋಗುವ ಅಕ್ಕಂದಿರು, ಎಂ.ಜಿ. ರೋಡಿನ ಅಂಗಡಿಗಳಲ್ಲಿ ನಿಂತು ದುಡಿಯುವ ಹುಡುಗರು, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ಗವಂಡಿ ಕೆಲಸ ಮಾಡುವವರು, ಇವರೆಲ್ಲರ ಮನೆಗೂ ಈಗ ಕೂಲಿಯ ಜೊತೆಗೆ ಇನ್ನೊಂದು ಹಣ ಬರುತ್ತದೆ. ಅದು ಸರಕಾರದ ಹಣ. ಎಷ್ಟು ಬರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ ಎಂದು ನನಗನ್ನಿಸುತ್ತದೆ.

ಮಹಾರಾಷ್ಟ್ರದ 'ಮುಖ್ಯಮಂತ್ರಿ ಮಾಝೀ ಲಾಡಕೀ ಬಹೀಣ್' ಯೋಜನೆಯನ್ನು ತೆಗೆದುಕೊಳ್ಳಿ. 2024ರ ಜೂನ್ ಬಜೆಟ್ಟಿನಲ್ಲಿ ಘೋಷಣೆಯಾಯಿತು. 21ರಿಂದ 65 ವಯಸ್ಸಿನ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ, ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದೊಳಗಿರಬೇಕು. ಆಗಸ್ಟಿನಲ್ಲಿ ನಮ್ಮ ಪುಣೆಯ ಬಾಲೇವಾಡಿಯಲ್ಲೇ ಸಮಾರಂಭ ನಡೆದು, ಜುಲೈ ಮತ್ತು ಆಗಸ್ಟಿನ ಎರಡು ಕಂತು ಸೇರಿ 3,000 ಖಾತೆಗೆ ಬಿತ್ತು. ಚುನಾವಣೆಯ ಮುಂಚೆ ಅಕ್ಟೋಬರ್, ನವೆಂಬರ್ ಎರಡೂ ಒಟ್ಟಿಗೆ ಬಂದವು. ಆಮೇಲೆ ಡಿಸೆಂಬರಿನ ಕಂತಿಗೆ ತಿಂಗಳ ಕೊನೆಯ ತನಕ ಕಾಯಬೇಕಾಯಿತು. ಚುನಾವಣೆಯಲ್ಲಿ 2,100 ಮಾಡುತ್ತೇವೆ ಎಂಬ ಮಾತೂ ಬಂತು. 2025ರ ಮಾರ್ಚಿನ ಬಜೆಟ್ಟಿನಲ್ಲಿ ಯೋಜನೆಗೆ 36,000 ಕೋಟಿ ತೆಗೆದಿಟ್ಟರು, ಆದರೆ 2,100ರ ಮಾತು ಅದರಲ್ಲಿ ಇರಲಿಲ್ಲ.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮನೆಯದನ್ನು ನೀವು ಹಾಕಿಕೊಳ್ಳಿ. ಗಂಡನ ದುಡಿಮೆ 11,500, ಹೆಂಡತಿಯದು 6,000, ಒಟ್ಟು 17,500. ಬಾಡಿಗೆ 5,500. ಕಿರಾಣಿ, ತರಕಾರಿ 5,000. ಗ್ಯಾಸು, ಲೈಟು 1,300. ಗಂಡನ ಬಸ್ ಪಾಸು 900. ಮಕ್ಕಳ ಶಾಲೆ, ಫೋನು 1,300. ಊರಲ್ಲಿರುವ ಅತ್ತೆಗೆ 2,000. ಕೂಡಿಸಿದರೆ 16,000. ಉಳಿದದ್ದು 1,500. ಒಬ್ಬರಿಗೆ ಜ್ವರ ಬಂದರೆ ಅದೂ ಇಲ್ಲ. ಈ ಮನೆಗೆ ಇನ್ನೊಂದು 1,500 ಬಂದರೆ ಉಳಿತಾಯ ಎರಡು ಪಟ್ಟಾಯಿತು. ಸಣ್ಣ ಮಾತಲ್ಲ. ಹೆಣ್ಣುಮಕ್ಕಳಿಗೆ ಪುಕ್ಕಟೆ ದುಡ್ಡು ಯಾಕೆ ಎಂದು ಮೂಗು ಮುರಿಯುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು.

ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತೆಗೆದುಕೊಳ್ಳುವುದೂ ಉಂಟು. 2025ರ ಜೂನ್ 1ರಿಂದ ಪಿ.ಎಂ.ಪಿ.ಎಂ.ಎಲ್. ಬಸ್ಸಿನ ದರ ಏರಿತು. ಕಡಿಮೆಯೆಂದರೆ 5 ರೂಪಾಯಿ ಇದ್ದ ಟಿಕೇಟು 10 ಆಯಿತು, ತಿಂಗಳ ಪಾಸು 900ರಿಂದ 1,500ಕ್ಕೆ ಹೋಯಿತು. ಮೇಲಿನ ಲೆಕ್ಕದಲ್ಲಿ ಒಬ್ಬನ ಪಾಸಿಗೇ 600 ಹೆಚ್ಚಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸಿಲಿಂಡರಿಗೆ 50 ರೂಪಾಯಿ ಏರಿತ್ತು, ಉಜ್ವಲಾದವರಿಗೂ ಸೇರಿ. ಹಬ್ಬಕ್ಕೆ 100 ರೂಪಾಯಿಗೆ ರವೆ, ಕಡಲೆಬೇಳೆ, ಸಕ್ಕರೆ, ಎಣ್ಣೆ ಕೊಡುತ್ತಿದ್ದ 'ಆನಂದಾಚಾ ಶಿಧಾ' 2022ರ ದೀಪಾವಳಿಗೆ ಶುರುವಾಗಿತ್ತು, 2025ರ ಹಬ್ಬಗಳಿಗೆ ಬರಲಿಲ್ಲ. ಇವು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ನಿರ್ಧಾರಗಳು. ಎಲ್ಲವೂ ಬಂದು ಸೇರುವುದು ಮಾತ್ರ ನಿಮ್ಮ ಒಂದೇ ಅಡುಗೆಮನೆಯಲ್ಲಿ.

ಇನ್ನು ನಿಲ್ಲುವ ಮಾತು. ಸುಮಾರು 26 ಲಕ್ಷ ಹೆಸರುಗಳಿಗೆ 2025ರ ಜೂನ್‌ನಿಂದ ಹಣ ತಡೆಹಿಡಿದಿದ್ದೇವೆ ಎಂದು ಸರಕಾರವೇ ಹೇಳಿತು. ಒಂದೇ ಮನೆಯಲ್ಲಿ ಹೆಚ್ಚು ಜನ ತೆಗೆದುಕೊಳ್ಳುತ್ತಿದ್ದರು, ಬೇರೆ ಯೋಜನೆಯ ಹಣವೂ ಬರುತ್ತಿತ್ತು, ಕೆಲವು ಕಡೆ ಗಂಡಸರೇ ಅರ್ಜಿ ಹಾಕಿದ್ದರು ಎಂಬ ಕಾರಣಗಳು. ತಪ್ಪು ಹೆಸರು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಇ-ಕೆವೈಸಿ ಕಡ್ಡಾಯ ಎಂದರು. ಅದರಲ್ಲಿ ನಿಮ್ಮ ಆಧಾರ್ ಸಾಲದು, ಗಂಡನ ಅಥವಾ ತಂದೆಯ ಆಧಾರಿನ ಓ.ಟಿ.ಪಿ.ಯೂ ಬೇಕು. ತಂದೆ ತೀರಿಕೊಂಡ, ಗಂಡ ಬಿಟ್ಟುಹೋದ ಹೆಣ್ಣುಮಗಳು ಯಾರ ಫೋನು ತರಬೇಕು? ಕೂಗೆದ್ದ ಮೇಲೆ ಮರಣದ ದಾಖಲೆ, ವಿಚ್ಛೇದನದ ದಾಖಲೆ ಕೊಟ್ಟರೆ ಆಗುತ್ತದೆ ಎಂದರು, ಗಡುವನ್ನು 2025ರ ಡಿಸೆಂಬರ್ 31ರ ತನಕ ಮುಂದೂಡಿದರು. ಕೋರ್ಟಿನ ಕಾಗದವಿಲ್ಲದೆ ಬೇರೆಯಾದವಳ ಗತಿ ಕಷ್ಟದ್ದೇ. ಹಣ ಅತ್ಯಂತ ಬೇಕಾದವಳ ಕೈಯಲ್ಲೇ ಕಾಗದ ಕಡಿಮೆ ಇರುತ್ತದೆ. ನಿಯಮ ಬರೆಯುವವರು ಇದನ್ನು ಮೊದಲೇ ಯೋಚಿಸಬೇಕಿತ್ತು.

ಆದಾಯದ ಮಿತಿಯೂ ಒಂದು ವಿಚಿತ್ರ ಅಂಚು. ಎರಡೂವರೆ ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20,833. ಗಂಡ ಹೆಂಡಿರು ಸೇರಿ 20,800 ದುಡಿದರೆ ಒಳಗೆ, 21,000 ದುಡಿದರೆ ಹೊರಗೆ. 200 ರೂಪಾಯಿ ಹೆಚ್ಚು ದುಡಿದದ್ದಕ್ಕೆ 1,500 ಹೋಗುತ್ತದೆ. ಇನ್ನೊಂದು ಮನೆಯ ಕೆಲಸ ಹಿಡಿಯಲೋ ಬೇಡವೋ ಎಂದು ಒಬ್ಬ ಹೆಣ್ಣುಮಗಳು ಇದಕ್ಕಾಗಿ ಯೋಚಿಸಿದರೆ ಅವಳನ್ನು ಸೋಮಾರಿ ಎನ್ನಬೇಡಿ, ಅವಳಿಗೆ ಲೆಕ್ಕ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, 1,500ಕ್ಕಿಂತ ಹೆಚ್ಚು ಕೊಡುವ ಕೆಲಸ ಸಿಕ್ಕಿದರೆ ಕೆಲಸವನ್ನೇ ಹಿಡಿಯಿರಿ. ಕೆಲಸದ ಪಗಾರಕ್ಕೆ ಇ-ಕೆವೈಸಿ ಇಲ್ಲ.

ಅಂಗಡಿ, ಹೋಟೆಲಿನಲ್ಲಿ ಪಗಾರದ ಮೇಲೆ ಇರುವವರಿಗೆ ಇನ್ನೊಂದು ಸವಲತ್ತು ಇ.ಎಸ್.ಐ. 2017ರಲ್ಲಿ ಅದರ ಪಗಾರದ ಮಿತಿಯನ್ನು 21,000ಕ್ಕೆ ಏರಿಸಿದರು. 2019ರ ಜುಲೈಯಲ್ಲಿ ಕೆಲಸಗಾರನ ಪಾಲನ್ನು ಶೇಕಡಾ 1.75ರಿಂದ 0.75ಕ್ಕೆ ಇಳಿಸಿದರು. 15,000 ಪಗಾರದವನಿಗೆ ತಿಂಗಳಿಗೆ 150 ರೂಪಾಯಿ ಉಳಿಯಿತು. ಸದ್ದಿಲ್ಲದೆ ಬಂದ ಈ ಬದಲಾವಣೆಯನ್ನು ಯಾವ ಬ್ಯಾನರಿನಲ್ಲೂ ನೀವು ನೋಡಿರಲಾರಿರಿ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70 ಸಿಗುವುದು ಇದರಿಂದಲೇ. ಪಗಾರ ಚೀಟಿಯಲ್ಲಿ ಹಣ ಕಡಿಯುತ್ತಿದ್ದರೆ ನಿಮ್ಮ ಇ.ಎಸ್.ಐ. ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಮನೆಗೆಲಸದವರಿಗೆ ಈ ಬಾಗಿಲು ತೆರೆದಿಲ್ಲ, ಅದು ಬೇರೆಯೇ ದೊಡ್ಡ ಮಾತು.

ನಮ್ಮವರ ದೊಡ್ಡ ಗೊಂದಲ ಎಲ್ಲಿದೆ ಗೊತ್ತೇ? ಎರಡು ರಾಜ್ಯಗಳ ನಡುವೆ. ಊರಲ್ಲಿ ಗೃಹಲಕ್ಷ್ಮಿ, 2023ರ ಆಗಸ್ಟಿನಿಂದ ಮನೆಯ ಯಜಮಾನಿಗೆ 2,000. ಇಲ್ಲಿ ಲಾಡಕೀ ಬಹೀಣ್. ಊರಿನ ರೇಶನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ, ಹಾಗಾಗಿ 2,000 ಅತ್ತೆಗೆ. ಸೊಸೆಗೆ ಆ ಕಾರ್ಡಿನಲ್ಲಿ ಏನೂ ಇಲ್ಲ. ಹೆಸರನ್ನು ಪುಣೆಗೆ ತಂದರೆ ಇಲ್ಲಿ 1,500 ಸಿಗಬಹುದು ಎಂಬ ಆಸೆ ಹುಟ್ಟುತ್ತದೆ. ಊರಲ್ಲಿ ಹೆಸರು ತೆಗೆಸುವ ಮೊದಲು ನಿಂತು ಯೋಚಿಸಿ.

ಲಾಡಕೀ ಬಹೀಣ್‌ಗೆ ಮಹಾರಾಷ್ಟ್ರದ ವಾಸದ ದಾಖಲೆ ಬೇಕು. ಡೊಮಿಸೈಲ್ ಇಲ್ಲದಿದ್ದರೆ 15 ವರ್ಷ ಹಳೆಯ ರೇಶನ್ ಕಾರ್ಡು ಅಥವಾ ಮತದಾರರ ಚೀಟಿ, ಇಲ್ಲವೇ ಇಲ್ಲಿನ ಶಾಲೆಯ ದಾಖಲೆ, ಜನನದ ದಾಖಲೆ ನಡೆಯುತ್ತದೆ ಎಂದು 2024ರ ನಿಯಮ. ಬೇರೆ ರಾಜ್ಯದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವಳಿಗೆ ಗಂಡನ ದಾಖಲೆ ನಡೆಯುತ್ತದೆ. ಗಂಡ ಹೆಂಡತಿ ಇಬ್ಬರೂ ಐದು ವರ್ಷದ ಹಿಂದೆ ಯಾದಗಿರಿಯಿಂದ ಬಂದವರಾದರೆ ಈ ಯಾವ ಕಾಗದವೂ ಇರುವುದಿಲ್ಲ. ಇಲ್ಲಿ ಹೊಸದಾಗಿ ಕೇಶರಿ ಕಾರ್ಡು ಮಾಡಿಸಿದರೂ ಅದರ ಮೇಲೆ ಪುಕ್ಕಟೆ ಧಾನ್ಯ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಟ್ಟಿಯಲ್ಲಿ ಜಾಗವಿರಬೇಕು, ಆ ಪಟ್ಟಿಗೆ ಸಂಖ್ಯೆಯ ಮಿತಿ ಇದೆ. ಅಲ್ಲಿಯೂ ಹೋಯಿತು, ಇಲ್ಲಿಯೂ ಸಿಗಲಿಲ್ಲ ಎಂದಾಗುತ್ತದೆ. ಅಂದ ಹಾಗೆ, ಕ್ಯಾಂಪಿನಲ್ಲಿ ರೇಶನ್ ಕಾರ್ಡಿಗೆ ಕಂಟೋನ್ಮೆಂಟ್ ಬೋರ್ಡಿಗೆ ಅಲೆಯಬೇಡಿ. ಅದು ರಾಜ್ಯದ ಆಹಾರ ಪೂರೈಕೆ ಇಲಾಖೆಯ ಕೆಲಸ.

ಊರಿನ ಕಾರ್ಡು ಇಟ್ಟುಕೊಂಡೇ ಪುಣೆಯಲ್ಲಿ ಧಾನ್ಯ ಪಡೆಯುವ ದಾರಿ ಇದೆ. 'ಒಂದು ದೇಶ ಒಂದು ರೇಶನ್ ಕಾರ್ಡ್' ಎಂದು ಅದರ ಹೆಸರು. ಕಾರ್ಡಿಗೆ ಆಧಾರ್ ಸೇರಿರಬೇಕು, ಇಲ್ಲಿನ ರೇಶನ್ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತಬೇಕು. ಮನೆಯ ಕೆಲವರ ಪಾಲು ಊರಲ್ಲಿ, ಕೆಲವರ ಪಾಲು ಇಲ್ಲಿ ಎಂದೂ ಎತ್ತಬಹುದು. ಸಿಗುವುದು ಕೇಂದ್ರದ ಪಾಲು ಮಾತ್ರ, ತಲೆಗೆ 5 ಕಿಲೋ. ಕರ್ನಾಟಕ ಅನ್ನಭಾಗ್ಯದಲ್ಲಿ ಹೆಚ್ಚಾಗಿ ಕೊಡುವುದು ಗಡಿ ದಾಟಿ ಬರುವುದಿಲ್ಲ. ನಾಲ್ಕು ಜನಕ್ಕೆ 20 ಕಿಲೋ. 2023ರಲ್ಲಿ ಕರ್ನಾಟಕ ಅಕ್ಕಿಯ ಬದಲು ಹಣ ಕೊಟ್ಟಾಗ ಕಿಲೋಗೆ 34 ರೂಪಾಯಿ ಹಿಡಿದಿತ್ತು. ಆ ಲೆಕ್ಕದಲ್ಲಿ 680 ರೂಪಾಯಿ. ಎಷ್ಟೋ ಮನೆಗಳು ಇದನ್ನು ಗೊತ್ತಿಲ್ಲದೆ ಬಿಟ್ಟಿವೆ.

ಹಾಗಾದರೆ ಬಂದ 1,500 ಯಾವ ಡಬ್ಬಿಗೆ ಹಾಕಬೇಕು? ಭಿಶಿಯ ಕಂತಿಗೋ ಬಚತ್ ಗಟದ ಸಾಲಕ್ಕೋ ಕಟ್ಟಿಹಾಕಬೇಡಿ. ಕಂತಿನವರಿಗೆ ತಾರೀಖು ಉಂಟು, ಸರಕಾರದ ಹಣಕ್ಕೆ ತಾರೀಖಿಲ್ಲ. ಊರಿನ ಗೃಹಲಕ್ಷ್ಮಿಯೂ ತಿಂಗಳುಗಟ್ಟಲೆ ತಡವಾದದ್ದನ್ನು ಅತ್ತೆಯವರೇ ನಿಮಗೆ ಹೇಳಿಯಾರು. ಎರಡು ತಿಂಗಳು ಬರದಿದ್ದರೆ ಕಂತು ತಪ್ಪುತ್ತದೆ, ಕಂತು ತುಂಬಲು ಕಿರಾಣಿ ಅಂಗಡಿಯಲ್ಲಿ ಉದ್ರಿ ಏರುತ್ತದೆ, ಉದ್ರಿಯ ಅಂಗಡಿಯಲ್ಲಿ ರೇಟು ಕೇಳುವ ಬಾಯಿ ನಿಮಗಿರುವುದಿಲ್ಲ. ಕಾಯಬಲ್ಲ ಖರ್ಚಿಗೆ ಆ ಹಣ ಇಡಿ. ಜೂನಿನಲ್ಲಿ ಮಕ್ಕಳ ಪುಸ್ತಕ, ಊರ ಜಾತ್ರೆಯ ಪ್ರಯಾಣ, ಎಲ್ಲಕ್ಕಿಂತ ಮುಖ್ಯವಾಗಿ ಮಳೆಗಾಲ. ಮಳೆ ಹಿಡಿದರೆ ಕಟ್ಟಡದ ಕೆಲಸ ಕಡಿಮೆಯಾಗುತ್ತದೆ. ತಿಂಗಳಿಗೆ 3,000 ಕಡಿಮೆಯಾದರೆ ಮೂರು ತಿಂಗಳಿಗೆ 9,000. ಡಿಸೆಂಬರಿನಿಂದ ಮೇ ತನಕ ಆರು ಕಂತು ಮುಟ್ಟದೆ ಇಟ್ಟರೆ ಅಷ್ಟೇ ಆಗುತ್ತದೆ. ಇಡಲಾಗದೆ ಹಾಲು, ತರಕಾರಿಗೆ ಹೋಯಿತೇ? ಹೋಗಲಿ. ಮಕ್ಕಳು ಉಂಡರೆ ಅದು ಪೋಲಾದ ಹಣವಲ್ಲ.

ಕೊನೆಗೊಂದು ವಿಚಾರ. ಈ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆ ಎಂದು ತಿಳಿಯಬೇಡಿ. ಆಧಾರ್ ಕೊನೆಗೆ ಯಾವ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬೀಳುತ್ತದೆ. ಊರಲ್ಲಿ ಎಂದೋ ತೆರೆದ ಜನಧನ ಖಾತೆಯಲ್ಲಿ ನಿಮ್ಮ ಮೂರು ಕಂತು ಮಲಗಿರಬಹುದು. ಹಣ ಬಂದಿಲ್ಲ ಎಂದು ಅಂಗನವಾಡಿ ಸೇವಿಕೆಯ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಆಧಾರ್ ಕಾರ್ಡು ಹಿಡಿದು ಬ್ಯಾಂಕಿಗೆ ಹೋಗಿ, ಜೋಡಣೆ ಎಲ್ಲಿದೆ ಎಂದು ಕೇಳಿ, ಹಳೆಯ ಪಾಸ್‌ಬುಕ್ ಇದ್ದರೆ ಅದಕ್ಕೂ ಎಂಟ್ರಿ ಹಾಕಿಸಿ.